ಹಲಸಿನ ಮರದ ಬಾಡಿಗೆ ಕಟ್ಟುವವರು ಯಾರು?

ಕೊಡಗಿನ ಯಾವುದಾದರೂ ಕಾಫಿ ತೋಟದ ಲೆಕ್ಕದ ಪುಸ್ತಕ ತೆಗೆದು ನೋಡಿ. ಕಾಫಿಗೊಂದು ಪುಟ, ಕರಿಮೆಣಸಿಗೊಂದು ಪುಟ. ಕೂಲಿ, ಗೊಬ್ಬರ, ಡೀಸೆಲ್, ಮರಗಸಿ (ನೆರಳುಮರಗಳ ಕೊಂಬೆ ಸವರುವುದು) ಎಲ್ಲಕ್ಕೂ ಜಾಗ ಇರುತ್ತದೆ. ಹಲಸಿನ ಮರಕ್ಕೆ ಇರುವುದಿಲ್ಲ. ಅತ್ತಿ, ಬಸರಿ, ನಂದಿ, ಮತ್ತಿ ಇವಕ್ಕೂ ಇಲ್ಲ. ಇವು ಕಾಫಿಗೆ ನೆರಳು ಕೊಡುತ್ತವೆ, ಎಲೆ ಉದುರಿಸಿ ನೆಲವನ್ನು ತಂಪಾಗಿ ಇಡುತ್ತವೆ, ಹಣ್ಣು ಬಿಟ್ಟಾಗ ಮಂಗಟ್ಟೆ (ಹಾರ್ನ್‌ಬಿಲ್) ಹಕ್ಕಿಗಳನ್ನು ಕರೆಯುತ್ತವೆ. ಆದರೆ ವರ್ಷದ ಕೊನೆಗೆ ಇವುಗಳ ಹೆಸರಿನಲ್ಲಿ ಒಂದು ರೂಪಾಯಿಯೂ ಜಮಾ ಆಗುವುದಿಲ್ಲ.

ಪಕ್ಕದಲ್ಲೇ ಸಿಲ್ವರ್ ಓಕ್ ಇದೆ. ಆಸ್ಟ್ರೇಲಿಯಾದಿಂದ ಬಂದ ಮರ. ಬೇಗ ಬೆಳೆಯುತ್ತದೆ, ನೆಟ್ಟಗೆ ಏರುತ್ತದೆ, ಮೆಣಸಿನ ಬಳ್ಳಿ ಹಬ್ಬಿಸಲು ಸಲೀಸು. ಎಲ್ಲಕ್ಕಿಂತ ಹೆಚ್ಚಾಗಿ, ಕಡಿದು ಮಾರಲು ತಲೆನೋವಿಲ್ಲ. ಕರ್ನಾಟಕದ 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ, ಕಡಿಯಲು ಅನುಮತಿ ಬೇಕಿಲ್ಲದ ಮರಗಳ ಪಟ್ಟಿಯಲ್ಲಿ ಸಿಲ್ವರ್ ಓಕ್ ಕೂಡ ಇದೆ. ಬೀಟೆ, ನಂದಿಯಂತಹ ಕಾಡುಮರಗಳಿಗೆ ಅರ್ಜಿ, ಸರ್ವೆ, ಕಾಯುವಿಕೆ ಎಲ್ಲ ಬೇಕು. ಕೊಡಗಿನ ಬಾಣೆ ಜಮೀನುಗಳಲ್ಲಂತೂ (ಗದ್ದೆಗೆ ಸೇರಿಕೊಂಡಂತೆ ಹಿಂದೆ ಕೊಟ್ಟ ಕಾಡುಜಾಗ) ಮರದ ಮೇಲಿನ ಹಕ್ಕು ಬೆಳೆಗಾರನದೋ ಸರ್ಕಾರದ್ದೋ ಎಂಬುದೇ ಹಳೆಯ ಜಗಳ. ಮರ ಉಳಿಸಲೆಂದು ಮಾಡಿದ ನಿಯಮಗಳು ಬೆಳೆಗಾರನಿಗೆ ಕಲಿಸಿದ ಪಾಠ ಒಂದೇ: ಕಾಡುಮರದ ಸಸಿ ನೆಡಬೇಡ, ನೆಟ್ಟರೆ ನಾಳೆ ಅದು ನಿನ್ನ ಕೈಯಲ್ಲಿ ಇರುವುದಿಲ್ಲ.

ಹಲಸಿನ ಮೇಲೆ ಇನ್ನೊಂದು ದೂರೂ ಇದೆ. ಅದು ಆನೆಯನ್ನು ಕರೆಯುತ್ತದೆ. 2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿದ್ದವು, ದೇಶದಲ್ಲೇ ಜಾಸ್ತಿ. ಹಲಸು ಹಣ್ಣಾಗುವ ಹೊತ್ತಿಗೆ ಅವು ತೋಟಕ್ಕೆ ನುಗ್ಗುತ್ತವೆ. ಕಾಫಿ ಗಿಡ ಮುರಿಯುತ್ತವೆ, ಪೈಪ್ ಒಡೆಯುತ್ತವೆ, ಬೆಳಗ್ಗೆ ಕೆಲಸಕ್ಕೆ ಬರುವವರ ಜೀವಕ್ಕೂ ಅಪಾಯ. ಅದಕ್ಕೇ ಎಷ್ಟೋ ತೋಟಗಳಲ್ಲಿ ಹಲಸನ್ನು ಕಾಯಿ ಇರುವಾಗಲೇ ಕಿತ್ತು ಹಾಕುತ್ತಾರೆ. ಇನ್ನು ಕೆಲವರು ಮರವನ್ನೇ ತೆಗೆಸುತ್ತಾರೆ. ಅವರನ್ನು ಪರಿಸರದ ಶತ್ರು ಎನ್ನುವುದು ಸುಲಭ. ಆದರೆ ಆ ಮರ ಉಳಿಸಿಕೊಳ್ಳಲು ಅವರಿಗೆ ಹಣ ಯಾರು ಕೊಡುತ್ತಾರೆ?

ಈ ಪ್ರಶ್ನೆಗೆ ಕಳೆದ 20-25 ವರ್ಷಗಳಿಂದ ಸಿಗುತ್ತಿರುವ ಉತ್ತರ: ಅತಿಥಿ. ಮಂಗಟ್ಟೆ ನೋಡಲು ಬೆಂಗಳೂರಿನಿಂದ ಬಂದು ಎರಡು ರಾತ್ರಿ ಉಳಿಯುವವನು ಅತ್ತಿ ಮರದ ಬಾಡಿಗೆಯನ್ನೂ ಕಟ್ಟಿ ಹೋಗುತ್ತಾನೆ ಎಂಬ ವಾದ. ಕೇಳಲು ಚೆನ್ನಾಗಿದೆ. ಅಲ್ಲಲ್ಲಿ ನಿಜವೂ ಆಗಿದೆ. ಆದರೆ ನನ್ನ ಅನುಮಾನ ಏನೆಂದರೆ, ಆ ಹಣದಲ್ಲಿ ಬಹುಪಾಲು ಮರದವರೆಗೆ ತಲುಪುವುದೇ ಇಲ್ಲ. ಬಾತ್‌ರೂಮಿನ ಟೈಲ್ಸ್‌ನಲ್ಲೇ ಮುಗಿದುಹೋಗುತ್ತದೆ.

ಕಾಫಿ ಸೀಮೆಗೆ ಹೋಮ್‌ಸ್ಟೇ ಬಂದದ್ದು ಹಕ್ಕಿ ಪ್ರೀತಿಯಿಂದ ಅಲ್ಲ, ಕಷ್ಟದಿಂದ. 2000ದ ಆಸುಪಾಸಿನಲ್ಲಿ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಕಾಫಿ ದರ ನೆಲ ಕಚ್ಚಿತು. ವಿಯೆಟ್ನಾಂನ ರೊಬಸ್ಟಾ ಜಾತಿಯ ಕಾಫಿ ಎಲ್ಲ ಕಡೆ ತುಂಬಿಕೊಂಡಿತ್ತು. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಬೆಳೆಗಾರರಿಗೆ ಕೊಯ್ಲಿನ ಕೂಲಿ ಕೊಡುವುದೂ ಭಾರವಾಯಿತು. ಮಕ್ಕಳು ಓದಲು, ಕೆಲಸಕ್ಕೆ ಅಂತ ಊರು ಬಿಟ್ಟಿದ್ದರು. ದೊಡ್ಡ ಮನೆಗಳಲ್ಲಿ ಕೋಣೆಗಳು ಖಾಲಿ ಇದ್ದವು. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಸಂಬಳ ಏರುತ್ತಿತ್ತು, ವಾರಾಂತ್ಯಕ್ಕೆ ಎಲ್ಲಿಗಾದರೂ ಹೋಗಬೇಕು ಎನ್ನುವ ಜನ ಹುಟ್ಟಿಕೊಂಡಿದ್ದರು. ಖಾಲಿ ಕೋಣೆಗೆ ಅವರು ಬಂದರು. ಮನೆಯ ಹೆಂಗಸರು ಮಾಡಿದ ಪಂದಿ ಕರಿ, ಕಡಂಬುಟ್ಟು ತಿಂದರು, ತೋಟ ಸುತ್ತಿದರು, ಹೋದರು. ಹೊಸದಾಗಿ ಏನನ್ನೂ ಕಟ್ಟಬೇಕಿರಲಿಲ್ಲ. ಇರುವ ಮನೆ, ಇರುವ ತೋಟ, ಇರುವ ಅಡುಗೆ. ಪರಿಸರದ ಲೆಕ್ಕದಲ್ಲಿ ಇದಕ್ಕಿಂತ ಹಗುರವಾದ ಪ್ರವಾಸೋದ್ಯಮ ಸಿಗುವುದು ಕಷ್ಟ.

ಆಮೇಲೆ ಏನಾಯಿತು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ಸಾಕು. ಇದು ಉದಾಹರಣೆಗೆ ಮಾತ್ರ. ಹತ್ತು ಎಕರೆ ರೊಬಸ್ಟಾ ತೋಟ, ಎಕರೆಗೆ 50 ಕಿಲೋ ತೂಕದ 15 ಚೀಲ ಒಣ ಚೆರಿ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣು) ಎಂದಿಟ್ಟುಕೊಳ್ಳಿ. ಕೆಲವು ವರ್ಷಗಳ ಹಿಂದೆ ಚೀಲಕ್ಕೆ ಸಿಗುತ್ತಿದ್ದುದು 3,500 ರೂಪಾಯಿಯ ಆಸುಪಾಸು. ಖರ್ಚು ಕಳೆಯುವ ಮೊದಲಿನ ಮೊತ್ತ 5.25 ಲಕ್ಷ. ಈಗ ಅದೇ ತೋಟದಲ್ಲಿ ನಾಲ್ಕು ಕೋಣೆ, ಕೋಣೆಗೆ ಇಬ್ಬರು, ಊಟ ಸೇರಿ ತಲೆಗೆ ದಿನಕ್ಕೆ 2,500 ರೂಪಾಯಿ. ವರ್ಷಕ್ಕೆ ನೂರು ರಾತ್ರಿ ಪೂರ್ತಿ ತುಂಬಿದರೆ 20 ಲಕ್ಷ. ಬುಕಿಂಗ್ ಆ್ಯಪ್‌ಗಳ ಕಮಿಷನ್, ಅಡುಗೆ, ಸಂಬಳ, ಬಟ್ಟೆ ಒಗೆಯುವುದು ಎಲ್ಲ ಕಳೆದು ಅರ್ಧ ಉಳಿದರೂ ಕಾಫಿಯ ಒಟ್ಟು ಮೊತ್ತಕ್ಕಿಂತ ಜಾಸ್ತಿಯೇ ಆಯಿತು.

ಈ ಹಂತದಲ್ಲಿ ತೋಟದ ತೀರ್ಮಾನಗಳನ್ನು ಕೋಣೆ ತೆಗೆದುಕೊಳ್ಳಲು ಶುರುಮಾಡುತ್ತದೆ. ನೋಟ ಕಾಣಬೇಕೆಂದು ಗುಡ್ಡದ ಅಂಚಿನ ಮರ ಹೋಗುತ್ತದೆ. ಕಾರು ಬರಬೇಕೆಂದು ತೋಟದ ರಸ್ತೆ ಅಗಲವಾಗುತ್ತದೆ. ಕಾಫಿ ಒಣಗಿಸುವ ಕಣದಲ್ಲಿ ಕ್ಯಾಂಪ್‌ಫೈರ್ ಉರಿಯುತ್ತದೆ. ಗದ್ದೆಗೆ ಮಣ್ಣು ತುಂಬಿ ಪಾರ್ಕಿಂಗ್ ಮಾಡುತ್ತಾರೆ. ಮುಂದೆ ಯಾರೋ ಬಂದು ಇಡೀ ಜಾಗವನ್ನು ಲೀಸ್‌ಗೆ ಕೇಳುತ್ತಾರೆ, ಮನೆಯವರು ಮೈಸೂರಿಗೆ ಹೋಗಿ ಕೂರುತ್ತಾರೆ. ಬೋರ್ಡಿನ ಮೇಲೆ ಮಾತ್ರ ‘ಇಕೋ’ ಉಳಿಯುತ್ತದೆ. ಈ ಹೆಜ್ಜೆಗಳಲ್ಲಿ ಯಾವುದನ್ನೂ ಕೆಟ್ಟ ಮನಸ್ಸಿನಿಂದ ಇಟ್ಟಿರುವುದಿಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಗೆಸ್ಟ್ ರಿವ್ಯೂ ಇರುತ್ತದೆ: ‘ವ್ಯೂ ಚೆನ್ನಾಗಿಲ್ಲ’, ‘ರಸ್ತೆ ಸರಿಯಿಲ್ಲ’, ‘ಸಂಜೆ ಮಾಡಲು ಏನೂ ಇಲ್ಲ’.

ಹಾಗಾಗಿ ಮೊದಲ ಪ್ರಶ್ನೆ ಎಂತಹ ಗೆಸ್ಟ್ ಬೇಕು ಎಂಬುದು. ಎಷ್ಟು ಗೆಸ್ಟ್ ಎಂಬುದು ಆಮೇಲೆ.

ಹಕ್ಕಿ ನೋಡುವವರು ವಿಚಿತ್ರ ಗಿರಾಕಿಗಳು. ಬೆಳಗಿನ ಜಾವ ಎದ್ದು ಹೊರಡುತ್ತಾರೆ, ರಾತ್ರಿ ಒಂಬತ್ತಕ್ಕೆ ಮಲಗುತ್ತಾರೆ. ಸ್ವಿಮ್ಮಿಂಗ್ ಪೂಲ್ ಕೇಳುವುದಿಲ್ಲ, ಡಿಜೆ ಕೇಳುವುದಿಲ್ಲ. ಎರಡೋ ಮೂರೋ ಜನ ಬರುತ್ತಾರೆ, ವಾರದ ನಡುವೆಯೂ ಬರುತ್ತಾರೆ. ಮಲಬಾರ್ ಟ್ರೋಗನ್ ಹಕ್ಕಿ ಕಂಡರೆ ಕೋಣೆಯ ಬಲ್ಬ್ ಉರಿಯದಿದ್ದರೂ ಕ್ಷಮಿಸುತ್ತಾರೆ. ಅವರಿಗೆ ತೋರಿಸುವ ಸರಕು ಎಂದರೆ ಕಾಡುಮರ ಇರುವ ತೋಟವೇ. ಬರೀ ಸಿಲ್ವರ್ ಓಕ್ ಇದ್ದರೆ ಅವರಿಗೆ ನೋಡಲು ಸಿಗುವುದು ಕಡಿಮೆ. ಪಶ್ಚಿಮ ಘಟ್ಟಕ್ಕೇ ಸೀಮಿತವಾದ ಮಲಬಾರ್ ಬೂದು ಮಂಗಟ್ಟೆಗೆ ತಿನ್ನಲು ಅತ್ತಿ ಜಾತಿಯ ಹಣ್ಣು ಬೇಕು, ಗೂಡಿಗೆ ಪೊಟರೆ ಇರುವ ಹಳೆಯ ಮರ ಬೇಕು. ಒಂದು ಮುದಿ ಮರವನ್ನು ಕಡಿಯದೆ ಬಿಡುವುದಕ್ಕೆ ಇಲ್ಲಿ ನೇರವಾದ ಕಾರಣ ಸಿಗುತ್ತದೆ. ಗೆಸ್ಟ್ ಹಣಕ್ಕೂ ಮರಕ್ಕೂ ನಡುವಿನ ದಾರಿ ಇಷ್ಟು ಚಿಕ್ಕದಾಗಿರುವ ಜಾಗ ಬೇರೆ ಇಲ್ಲ.

ಕೇರಳದ ತಟ್ಟೇಕಾಡಿನಲ್ಲಿ ಇದು ನಡೆದು ತೋರಿಸಿದೆ. ಪಕ್ಷಿಧಾಮದ ಸುತ್ತಲಿನ ಮನೆಗಳವರು ಹಕ್ಕಿ ನೋಡುವವರಿಗೆ ಕೋಣೆ ಕೊಟ್ಟು, ದಾರಿ ತೋರಿಸಿ, ಫೋಟೊ ತೆಗೆಯುವವರಿಗೆ ಮರೆಗೂಡು ಕಟ್ಟಿಕೊಟ್ಟು ಬದುಕುತ್ತಿದ್ದಾರೆ. ನಮ್ಮಲ್ಲಿ ಉತ್ತರ ಕನ್ನಡದ ಗಣೇಶಗುಡಿಯ ಕಡೆ ಬೇಸಿಗೆಯಲ್ಲಿ ಹಕ್ಕಿಗಳು ನೀರಿಗೆ ಬರುವ ಜಾಗಗಳು ಹೆಸರುವಾಸಿ. ಆದರೆ ಮರೆಗೂಡಿನಲ್ಲೂ ಮೋಸ ಇದೆ. ಹುಳು, ಕಾಳು ಹಾಕಿ ಹಕ್ಕಿಯನ್ನು ದಿನವೂ ಒಂದೇ ಕಡೆ ಕರೆಸುವುದು, ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ಮತ್ತೆ ಮತ್ತೆ ಹಾಕಿ ಹೊರಗೆ ಎಳೆಯುವುದು, ಇದೆಲ್ಲ ಶುರುವಾದರೆ ತೋಟ ಸ್ಟುಡಿಯೊ ಆಗುತ್ತದೆ. ತನ್ನ ಜಾಗಕ್ಕೆ ಇನ್ನೊಂದು ಹಕ್ಕಿ ನುಗ್ಗಿದೆ ಎಂದುಕೊಂಡು ಗೂಡು ಬಿಟ್ಟು ಜಗಳಕ್ಕೆ ಬರುವ ಹಕ್ಕಿಗೆ ನಮ್ಮ ಫೋಟೊದಿಂದ ಏನು ಲಾಭ?

ಮಳೆಗಾಲವನ್ನು ಬಹಳಷ್ಟು ತೋಟದವರು ‘ಆಫ್ ಸೀಸನ್’ ಎಂದು ಬರೆದು ಹಾಕುತ್ತಾರೆ. ನನ್ನ ಪ್ರಕಾರ ಅದು ತಪ್ಪು ಲೆಕ್ಕ. ಪಶ್ಚಿಮ ಘಟ್ಟದ ನಿಜವಾದ ಜಾತ್ರೆ ಆಗುವುದೇ ಆಗ. ಕಪ್ಪೆಗಳನ್ನೇ ತೆಗೆದುಕೊಳ್ಳಿ. ಉತ್ತರ ಕನ್ನಡದ ಕತ್ತಲೆಕಾನು ಕಾಡಿನ ಸೀಮೆಯಿಂದ 2014ರಲ್ಲಿ ವಿಜ್ಞಾನಕ್ಕೆ ಪರಿಚಯವಾದ ‘ಕುಂಬಾರ’ ಕಪ್ಪೆಯ ಗಂಡು, ಹೆಣ್ಣು ಇಟ್ಟ ಮೊಟ್ಟೆಗಳಿಗೆ ಕೈಯಿಂದ ಕೆಸರು ಮೆತ್ತುತ್ತದೆ. ಇದನ್ನು ನೋಡಲು ಟಾರ್ಚ್, ಗಮ್‌ಬೂಟು ಮತ್ತು ಇಂಬಳಕ್ಕೆ ಹೆದರದ ಕಾಲು ಇದ್ದರೆ ಸಾಕು. ತೋಟದೊಳಗಿನ ಹಳ್ಳ, ಜೌಗು, ಪಾಳುಬಿದ್ದ ಗದ್ದೆ ಇವೆಲ್ಲ ಕಪ್ಪೆಗಳ ಊರು. ಗುಡ್ಡ ಕುಸಿಯುವ ಭಯ ಇರುವ ದಿನಗಳಲ್ಲಿ ಯಾರನ್ನೂ ಕರೆಯಬಾರದು, ಅದು ಬೇರೆ ಮಾತು. ಉಳಿದಂತೆ ಸಣ್ಣ ಗುಂಪು, ತಿಳಿದವರ ಜೊತೆ ರಾತ್ರಿ ನಡಿಗೆ. ಜೌಗಿಗೂ ಒಂದಿಷ್ಟು ಬಾಡಿಗೆ ಬಂದಂತಾಯಿತು. ಮಳೆ ಶುರುವಾಗುವ ಮೊದಲು, ಮೇ-ಜೂನ್‌ನಲ್ಲಿ ಮರದ ತುಂಬ ಮಿಂಚುಹುಳ ಒಟ್ಟಿಗೆ ಹೊತ್ತಿ ಒಟ್ಟಿಗೆ ಆರುತ್ತವೆ. ಅದನ್ನು ನೋಡಬೇಕೆಂದರೆ ತೋಟದವರು ಮಾಡಬೇಕಾದ ಕೆಲಸ ಒಂದೇ: ಅಂಗಳದ ದೀಪ ಆರಿಸುವುದು. ಇದಕ್ಕಿಂತ ಅಗ್ಗದ ಬಂಡವಾಳ ಯಾವ ರೆಸಾರ್ಟಿಗಿದೆ? ಆದರೂ ಗೇಟಿನಿಂದ ಮನೆಯವರೆಗೆ ಸಾಲುದೀಪ ಹಾಕಿಸುವವರೇ ಜಾಸ್ತಿ.

ನೀರಿನ ವಿಷಯದಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಬೇಕು. ಏಕೆಂದರೆ ಇಲ್ಲಿ ಸಿಟ್ಟು ಒಂದು ಕಡೆ, ತಪ್ಪು ಇನ್ನೊಂದು ಕಡೆ ಇದೆ. ‘ಗೆಸ್ಟ್‌ಗಳು ನೀರು ಖಾಲಿ ಮಾಡುತ್ತಾರೆ’ ಎನ್ನುವುದು ಸಾಮಾನ್ಯ ದೂರು. ಒಳಚರಂಡಿ ಇರುವ ಊರುಗಳಿಗೆ ನಮ್ಮ ದೇಶದಲ್ಲಿ ಹಾಕುವ ಲೆಕ್ಕ ತಲೆಗೆ ದಿನಕ್ಕೆ 135 ಲೀಟರ್. ಎಂಟು ಜನರಿಗೆ 1,080 ಲೀಟರ್. ನೂರು ದಿನಕ್ಕೆ ಸುಮಾರು 1.1 ಲಕ್ಷ ಲೀಟರ್. ಈಗ ಕಾಫಿಯ ಕಡೆ ನೋಡಿ. ಫೆಬ್ರವರಿ-ಮಾರ್ಚ್‌ನಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಾರದಿದ್ದರೆ ರೊಬಸ್ಟಾ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಒಂದು ಎಕರೆಗೆ ಒಂದು ಇಂಚು ನೀರು ಎಂದರೆ ಸುಮಾರು ಒಂದು ಲಕ್ಷ ಲೀಟರ್. ನಾಲ್ಕು ಕೋಣೆಯ ಹೋಮ್‌ಸ್ಟೇ ವರ್ಷವಿಡೀ ಬಳಸುವ ನೀರು, ಒಂದು ಎಕರೆಗೆ ಒಂದು ಸಲ ಹಾಕಿದ ಹೂನೀರಿಗೆ ಸಮ! ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಸರಾಸರಿ 1.2 ಮೀಟರ್ ಆಳದ ಈಜುಕೊಳ ತುಂಬಲು 60 ಸಾವಿರ ಲೀಟರ್. ಅದೂ ಅರ್ಧ ಎಕರೆಯ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೆ.

ಹಾಗಂತ ಈಜುಕೊಳ ಕಟ್ಟಿ ಎನ್ನುತ್ತಿಲ್ಲ. ಕಷ್ಟ ಇರುವುದು ಬಳಸಿದ ನೀರು ಎಲ್ಲಿಗೆ ಹೋಗುತ್ತದೆ ಎಂಬಲ್ಲಿ. ಹೂನೀರು ಮಣ್ಣಿಗೇ ಇಳಿಯುತ್ತದೆ. ಗೆಸ್ಟ್ ಬಳಸಿದ ನೀರಿನಲ್ಲಿ ಶಾಂಪೂ, ಫಿನಾಯಿಲ್, ಮಲ ಇರುತ್ತದೆ. ನಾಲ್ಕು ಜನರ ಮನೆಗೆಂದು ತೋಡಿದ ಗುಂಡಿಗೆ ಲಾಂಗ್ ವೀಕೆಂಡ್‌ನಲ್ಲಿ ಹದಿನೈದು ಜನರ ನೀರು ಸುರಿದರೆ ಅದು ಇಳಿಜಾರಿನ ಮಣ್ಣಿನಲ್ಲಿ ಜಿನುಗಿ ಕೆಳಗಿನ ಮನೆಯ ಬಾವಿಗೆ ಹೋಗುತ್ತದೆ. ಕೊಡಗಿನ ಹಳ್ಳಗಳು ಕೊನೆಗೆ ಸೇರುವುದು ಕಾವೇರಿಯನ್ನೋ ಪಡುಗಡಲಿನ ಹೊಳೆಗಳನ್ನೋ. ಕೋಣೆ ಹೆಚ್ಚಿಸುವ ಮೊದಲು ಗುಂಡಿ ಹೆಚ್ಚಿಸಬೇಕು. ಸ್ನಾನದ ನೀರು, ಶೌಚದ ನೀರು ಬೇರೆ ಬೇರೆ ಪೈಪಿನಲ್ಲಿ ಹೋಗಬೇಕು. ಸ್ನಾನದ ನೀರನ್ನು ಬಾಳೆ, ಕೆಸುವಿನ ಪಾತಿಗೆ ಬಿಡಬಹುದು. ಇದೇನೂ ದೊಡ್ಡ ವಿದ್ಯೆಯಲ್ಲ. ಆದರೆ ಫೋಟೊದಲ್ಲಿ ಕಾಣುವುದಿಲ್ಲ, ಅದಕ್ಕೇ ಖರ್ಚು ಮಾಡಲು ಮನಸ್ಸು ಬರುವುದಿಲ್ಲ.

ಇನ್ನೂ ಒಂದು ಮಾತನ್ನು ಹೋಮ್‌ಸ್ಟೇ ವಿರೋಧಿಗಳು ಹೇಳುವುದೇ ಇಲ್ಲ. ತೋಟದಿಂದ ಹಳ್ಳಕ್ಕೆ ಸೇರುವ ಅತಿ ಕೊಳಕು ನೀರು ಎಷ್ಟೋ ಸಲ ಪಲ್ಪರ್‌ನದು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆದ ನೀರು ಹುಳಿತು ಹಳ್ಳಕ್ಕೆ ಹೋದರೆ ನೀರಿನಲ್ಲಿನ ಆಮ್ಲಜನಕ ಕಡಿಮೆಯಾಗಿ ಮೀನು ಸಾಯುತ್ತದೆ. ಇಲ್ಲಿ ಪಾಪದ ಮೂಲ ಕೃಷಿಯೇ. ಗೆಸ್ಟ್‌ಗೆ ‘ಇದು ನಮ್ಮ ಪಲ್ಪಿಂಗ್ ಯೂನಿಟ್’ ಎಂದು ತೋರಿಸಿ ಫೋಟೊ ತೆಗೆಸುವವರು, ಆ ನೀರು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ ಬಂದಾಗ ಮಾತು ಬದಲಿಸಬಾರದು. ಹಣ್ಣನ್ನು ಹಾಗೇ ಕಣದಲ್ಲಿ ಒಣಗಿಸಿ ಚೆರಿ ಮಾಡಿದರೆ ಈ ನೀರೇ ಇರುವುದಿಲ್ಲ. ದರ ಸ್ವಲ್ಪ ಕಡಿಮೆ ಸಿಗಬಹುದು. ಆ ವ್ಯತ್ಯಾಸವನ್ನು ಗೆಸ್ಟ್ ಹಣ ತುಂಬಿಕೊಟ್ಟರೆ, ಅದನ್ನು ಪರಿಸರಸ್ನೇಹಿ ಎಂದು ಒಪ್ಪಬಹುದು.

ಇಳಿಜಾರಿನ ವಿಷಯಕ್ಕೆ ಬಂದರೆ ಲೆಕ್ಕ ಬಿಟ್ಟು ಮಾತಾಡಬೇಕಾಗುತ್ತದೆ. 2018ರ ಆಗಸ್ಟ್‌ನಲ್ಲಿ ಮಡಿಕೇರಿಯ ಸುತ್ತ, ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿ ಬಂದವು. 2019ರಲ್ಲಿ ತೋರ, ಕೋರಂಗಾಲ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಮಳೆ ವಿಪರೀತ ಸುರಿದದ್ದು ನಿಜ. ಆದರೆ 2018ರ ಕುಸಿತಗಳನ್ನು ನೋಡಿದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯವರು ರಸ್ತೆಗೆ, ಮನೆಗೆ ಎಂದು ಇಳಿಜಾರನ್ನು ಕಡಿದದ್ದನ್ನೂ ಕಾರಣವಾಗಿ ತೋರಿಸಿದರು. ಕೊಡಗಿನ ಹಳೆಯ ಮನೆಗಳನ್ನು ಗಮನಿಸಿ. ಹೆಚ್ಚಿನವು ಗದ್ದೆಯ ಮೇಲ್ಭಾಗದ ಸಮತಟ್ಟು ಜಾಗದಲ್ಲಿವೆ. ಗುಡ್ಡದ ನೆತ್ತಿಯಲ್ಲಿ ಯಾರೂ ಮನೆ ಕಟ್ಟುತ್ತಿರಲಿಲ್ಲ. ಅಲ್ಲಿ ಗಾಳಿ ಜಾಸ್ತಿ, ನೀರು ದೂರ. ನೆತ್ತಿಗೆ ಬೆಲೆ ಬಂದದ್ದು ‘ವ್ಯಾಲಿ ವ್ಯೂ’ ಎಂಬುದಕ್ಕೆ ಬಾಡಿಗೆ ಸಿಗತೊಡಗಿದ ಮೇಲೆ. ಜೆಸಿಬಿ ಒಂದು ದಿನದಲ್ಲಿ ಕಡಿದ ಇಳಿಜಾರಿನ ಮಣ್ಣು ಮೂರು ಮಳೆಗಾಲ ಸುಮ್ನೆ ಕೂರಬಹುದು. ನಾಲ್ಕನೆಯದರಲ್ಲಿ ಹೊರಡಬಹುದು. ಹೊರಟಾಗ ಅದರ ದಾರಿಯಲ್ಲಿ ಇರುವುದು ಹೋಮ್‌ಸ್ಟೇಯೇ ಆಗಿರಬೇಕೆಂದಿಲ್ಲ. ಕೆಳಗಿನ ಲೈನ್ ಮನೆಗಳಿರಬಹುದು, ಅಂದರೆ ತೋಟದ ಕೆಲಸಗಾರರ ಸಾಲುಮನೆಗಳು.

ಇದನ್ನೆಲ್ಲ ಕಾನೂನು ತಡೆಯುವುದಿಲ್ಲವೇ? ಹೋಮ್‌ಸ್ಟೇಗೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿ ಬೇಕು, ಮನೆಯವರು ಅಲ್ಲೇ ವಾಸ ಇರಬೇಕು, ಕೋಣೆಗಳಿಗೆ ಮಿತಿ ಇದೆ. ಒಳ್ಳೆಯ ನಿಯಮಗಳೇ. ಮನೆಯವರು ಅಲ್ಲೇ ಇದ್ದರೆ ರಾತ್ರಿ ಹನ್ನೆರಡಕ್ಕೆ ಡಿಜೆ ಹಾಕಲು ಅವರೇ ಬಿಡುವುದಿಲ್ಲ. ಆದರೆ ಲೀಸ್‌ಗೆ ಕೊಟ್ಟ ಮನೆಗಳಲ್ಲಿ ವಾಸ ಇರುವವರು ಯಾರೆಂದು ಹೋಗಿ ನೋಡುವುದು ಕಡಿಮೆ. ಇನ್ನು ಪಶ್ಚಿಮ ಘಟ್ಟದ ರಕ್ಷಣೆಗೆಂದು ಬಂದ ಕಸ್ತೂರಿರಂಗನ್ ವರದಿಯ ಆಧಾರದ ಪರಿಸರ ಸೂಕ್ಷ್ಮ ಪ್ರದೇಶದ ಕರಡು. ವಯನಾಡಿನ ಮುಂಡಕ್ಕೈ, ಚೂರಲ್‌ಮಲದಲ್ಲಿ ಗುಡ್ಡ ಕುಸಿದದ್ದು 2024ರ ಜುಲೈ 30. ಮರುದಿನದ ತಾರೀಖಿನಲ್ಲೇ ಕೇಂದ್ರದ ಹೊಸ ಕರಡು ಹೊರಬಂತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಅದನ್ನು ತಿರಸ್ಕರಿಸಿತು. ಮಲೆನಾಡಿನಲ್ಲಿ ಈ ಕರಡಿನ ಹೆಸರು ಕೇಳಿದರೆ ಸಾಕು, ‘ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ’ ಎಂಬ ಭಯ ಏಳುತ್ತದೆ. ತಮಾಷೆ ಎಂದರೆ, ಅದು ಕಟ್ಟಡಗಳ ವಿಷಯದಲ್ಲಿ ತಡೆಯುವುದು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ನಿರ್ಮಾಣವನ್ನು. ಗುಡ್ಡ ಕಡಿದು ಕಟ್ಟುವ ಹತ್ತು ಕೋಣೆಯ ರೆಸಾರ್ಟ್ ಅದರ ಹತ್ತಿರಕ್ಕೂ ಬರುವುದಿಲ್ಲ. ಪರ ಇರುವವರೂ ವಿರೋಧಿಸುವವರೂ ಜಗಳವಾಡುತ್ತಿರುವುದು ನಮ್ಮ ಸಮಸ್ಯೆಗೆ ಸಂಬಂಧವೇ ಇಲ್ಲದ ಅಳತೆಯ ಬಗ್ಗೆ.

ನನಗೆ ಹೆಚ್ಚು ಉಪಯೋಗಕ್ಕೆ ಬರಬಹುದು ಎನಿಸುವ ಅಳತೆ ಇಟಲಿಯಲ್ಲಿದೆ. ಅಲ್ಲಿ ಕೃಷಿ ಪ್ರವಾಸೋದ್ಯಮಕ್ಕೆಂದೇ 1985ರಲ್ಲಿ ಕಾನೂನು ಮಾಡಿದರು, 2006ರಲ್ಲಿ ತಿದ್ದಿ ಹೊಸದು ತಂದರು. ಅದರ ತಿರುಳು ಸರಳ: ಅತಿಥಿ ಸತ್ಕಾರ ಕೃಷಿಗೆ ಅಂಟಿಕೊಂಡಿರಬೇಕು, ಕೃಷಿಯೇ ಹಿರಿದಾಗಿರಬೇಕು. ಹಿರಿದು ಎಂಬುದನ್ನು ಅಳೆಯುವಾಗ ಅವರು ಮುಖ್ಯವಾಗಿ ನೋಡುವುದು ಕೆಲಸದ ಸಮಯವನ್ನು. ಯಾವುದಕ್ಕೆ ಎಷ್ಟು ಹೊತ್ತು ದುಡಿದಿರಿ ಎಂಬ ಲೆಕ್ಕ. ಹತ್ತು ಅತಿಥಿಗಳವರೆಗೆ ಇದ್ದರೆ ಕೃಷಿಯೇ ಹಿರಿದು ಎಂದು ಒಪ್ಪಿಬಿಡುತ್ತಾರೆ, ಸಣ್ಣ ರೈತನಿಗೆ ಕಾಗದದ ಕಾಟ ಬೇಡವೆಂದು. ಹಣದ ಲೆಕ್ಕ ಹಿಡಿದಿದ್ದರೆ ಕಾಫಿ ದರ ಬಿದ್ದ ವರ್ಷ ಪ್ರತಿಯೊಬ್ಬ ಬೆಳೆಗಾರನೂ ನಿಯಮ ಮುರಿದವನಾಗುತ್ತಿದ್ದ. ಸಮಯದ ಲೆಕ್ಕದಲ್ಲಿ ಹಾಗಾಗುವುದಿಲ್ಲ. ನಮ್ಮ ನಿಯಮಗಳು ಕೋಣೆಗಳನ್ನು ಎಣಿಸುತ್ತವೆ. ಹಿಂದೆ ತೋಟ ನಡೆಯುತ್ತಿದೆಯೋ ಪಾಳು ಬಿದ್ದಿದೆಯೋ ಎಂದು ಯಾರೂ ಕೇಳುವುದಿಲ್ಲ.

ಸಮಯದ ಮಾತು ಬಂತು, ಕೆಲಸಗಾರರ ಮಾತೂ ಬರಲೇಬೇಕು. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿ, ರೊಬಸ್ಟಾ ಜನವರಿಯಿಂದ ಮಾರ್ಚ್. ಪ್ರವಾಸಿಗರು ಮುಗಿಬೀಳುವುದು ಕ್ರಿಸ್‌ಮಸ್, ಹೊಸ ವರ್ಷಕ್ಕೆ. ಎರಡೂ ಒಂದರ ಮೇಲೊಂದು ಬೀಳುತ್ತವೆ. ತೋಟದಲ್ಲಿ ಕೆಲಸಕ್ಕೆ ಜನ ಸಿಗದೆ ಅಸ್ಸಾಂನಿಂದ ಬಂದವರನ್ನು ನೆಚ್ಚಿಕೊಂಡಿರುವ ಕಾಲ ಇದು. ಕೊಯ್ಲಿನ ಹೊತ್ತಿನಲ್ಲಿ ಇಬ್ಬರನ್ನು ಅಡುಗೆಮನೆಗೆ, ಇಬ್ಬರನ್ನು ಕೋಣೆ ಗುಡಿಸಲು ಎಳೆದರೆ ಹಣ್ಣು ಗಿಡದಲ್ಲೇ ಒಣಗುತ್ತದೆ. ಡಿಸೆಂಬರ್ ಕೊನೆಯ ವಾರ ಬಾಗಿಲು ಹಾಕಿ, ಜೂನ್‌ನಲ್ಲಿ ತೆರೆದಿಡುವ ತೋಟ ನನ್ನ ಕಣ್ಣಿಗೆ ಅತಿ ಬುದ್ಧಿವಂತ ತೋಟ. ಹಾಗೆ ಮಾಡಲು ಗಟ್ಟಿ ಮನಸ್ಸು ಬೇಕು, ಏಕೆಂದರೆ ಆ ಒಂದು ವಾರದಲ್ಲೇ ಕೋಣೆಗೆ ಎರಡು ಪಟ್ಟು ದರ ಸಿಗುತ್ತದೆ.

ಅಡುಗೆಮನೆ ಬಗ್ಗೆ ಒಂದೇ ಮಾತು. ಗೆಸ್ಟ್ ಹಣ ಬೇಗನೆ ಊರಿಗೆ ಹರಿಯುವ ದಾರಿ ಅದು. ಪಕ್ಕದವರ ಗದ್ದೆಯ ಅಕ್ಕಿ, ಊರಿನ ಕಾಚಂಪುಳಿ (ಅಡುಗೆಗೆ ಹಾಕುವ ಕೊಡಗಿನ ಹುಳಿರಸ), ಕಾಡಿನಂಚಿನ ಜೇನು ಕೊಂಡರೆ ಆ ಗದ್ದೆ ಶುಂಠಿಯಾಗದೆ, ಸೈಟ್ ಆಗದೆ ಉಳಿಯಲು ಒಂದು ಕಾರಣ ಸಿಗುತ್ತದೆ. ಮಳೆನೀರನ್ನು ಹಿಡಿದು ಇಂಗಿಸುವ ಕೆಲಸವನ್ನು ಗದ್ದೆ ಪುಕ್ಕಟೆ ಮಾಡುತ್ತದೆ. ಪನೀರ್ ಬಟರ್ ಮಸಾಲಾ ಬಡಿಸುವ ಹೋಮ್‌ಸ್ಟೇಯಿಂದ ಗದ್ದೆಗೆ ಏನೂ ಹೋಗುವುದಿಲ್ಲ.

ಬೆಳೆ ಬಿಟ್ಟು ಬರೀ ಕಾಡನ್ನೇ ಬೆಳೆಸಿದವರೂ ಇದ್ದಾರೆ. ದಕ್ಷಿಣ ಕೊಡಗಿನಲ್ಲಿ ಪಮೇಲಾ ಮತ್ತು ಅನಿಲ್ ಮಲ್ಹೋತ್ರಾ 1991ರಲ್ಲಿ 55 ಎಕರೆ ಕೊಂಡು ಶುರುಮಾಡಿದ ಸಾಯಿ ಅಭಯಾರಣ್ಯ ಸುಮಾರು 300 ಎಕರೆಗೆ ಬೆಳೆದಿದೆ. ಪಾಳುಬಿದ್ದ ಕಾಫಿ, ಏಲಕ್ಕಿ ಜಾಗಗಳು ಅಲ್ಲಿ ಮತ್ತೆ ಕಾಡಾದವು. ದೊಡ್ಡ ಕೆಲಸ. ಆದರೆ ಸಾಲ ತೀರಿಸಬೇಕಾದ ಹತ್ತು ಎಕರೆಯವನಿಗೆ ಅದನ್ನು ಮಾದರಿ ಎಂದು ತೋರಿಸುವುದು ನ್ಯಾಯವಲ್ಲ. ಅವನಿಗೆ ಹತ್ತಿರವಾದದ್ದು ಗಾಳಿಬೀಡಿನ ಬಳಿಯ ಮೋಜೊ ಪ್ಲಾಂಟೇಶನ್‌ನಂತಹ ಪ್ರಯೋಗ. ಅಲ್ಲಿ ಕಾಡುಮರಗಳ ನೆರಳಿನಲ್ಲೇ ರಾಸಾಯನಿಕ ಇಲ್ಲದೆ ಕಾಫಿ, ಏಲಕ್ಕಿ, ಮೆಣಸು ಬೆಳೆಯುತ್ತಾರೆ, ಕೆಲವೇ ಕೋಣೆಗಳಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುತ್ತಾರೆ. ಬೆಳೆಯೂ ಇದೆ, ಗೆಸ್ಟೂ ಇದ್ದಾರೆ, ಮರವೂ ನಿಂತಿದೆ.

ಆಮೇಲೆ ಹೊಸ ತಿರುವು. 2024ರಲ್ಲಿ ರೊಬಸ್ಟಾ ಚೆರಿ ದರ ಚೀಲಕ್ಕೆ 10,000 ರೂಪಾಯಿಯ ಆಸುಪಾಸಿಗೆ ಏರಿತು. ಮೇಲಿನ ಲೆಕ್ಕದ ಹತ್ತು ಎಕರೆ ತೋಟಕ್ಕೆ 5.25 ಲಕ್ಷದ ಜಾಗದಲ್ಲಿ 15 ಲಕ್ಷ. ಬೆಳೆಗಾರರಿಗೆ ಬಹಳ ವರ್ಷದ ನಂತರ ಬಂದ ಒಳ್ಳೆಯ ಕಾಲ. ಇನ್ನು ಗೆಸ್ಟ್ ಬೇಕಿಲ್ಲ, ಮರ ನಿಶ್ಚಿಂತೆಯಾಗಿ ಇರಬಹುದು ಎಂದುಕೊಂಡರೆ ತಪ್ಪಾಗುತ್ತದೆ. ನೆರಳು ಕಡಿಮೆ ಮಾಡಿ ನೀರು, ಗೊಬ್ಬರ ಹೆಚ್ಚು ಕೊಟ್ಟರೆ ರೊಬಸ್ಟಾ ಇನ್ನಷ್ಟು ಕಾಯಿ ಬಿಡುತ್ತದೆ. ಅರೇಬಿಕಾ ಹಾಗಲ್ಲ, ಬಿಸಿಲು ಬಿದ್ದರೆ ಕಾಂಡಕೊರಕ ಹುಳ ಹತ್ತುತ್ತದೆ, ಅದಕ್ಕೆ ನೆರಳು ಬೇಕೇ ಬೇಕು. ಈ ಹುಳದ ಕಾಟಕ್ಕೆ ಸೋತು ಅರೇಬಿಕಾ ಬಿಟ್ಟು ರೊಬಸ್ಟಾಕ್ಕೆ ಹೋದ ತೋಟಗಳಲ್ಲಿ ಮರದ ಅಗತ್ಯ ಮೊದಲೇ ಕಮ್ಮಿಯಾಗಿದೆ. ದರ ಬಿದ್ದಾಗ ಬೆಳೆಗಾರ ಮರ ಮಾರಿ ಸಾಲ ತೀರಿಸುತ್ತಿದ್ದ. ದರ ಏರಿದಾಗ ಚೀಲ ಹೆಚ್ಚಿಸಲು ಕೊಂಬೆ ಇಳಿಸುತ್ತಾನೆ. ಎರಡರಲ್ಲೂ ಪೆಟ್ಟು ತಿನ್ನುವುದು ಮರವೇ.

ನೆರಳು ತೆರೆದರೆ ಎಕರೆಗೆ ಎರಡು ಚೀಲ ಜಾಸ್ತಿ ಬರುತ್ತದೆ ಎಂದಿಟ್ಟುಕೊಳ್ಳೋಣ. ಹತ್ತು ಎಕರೆಗೆ 20 ಚೀಲ, 2024ರ ದರದಲ್ಲಿ ಎರಡು ಲಕ್ಷ ರೂಪಾಯಿ. ಮರ ಉಳಿಸಿದ್ದಕ್ಕೆ ಬೆಳೆಗಾರ ಬಿಟ್ಟುಕೊಡುವ ಹಣ ಅದು. ನಾಲ್ಕು ಕೋಣೆ, ನೂರು ರಾತ್ರಿಯ ಹೋಮ್‌ಸ್ಟೇಯಲ್ಲಿ ವರ್ಷಕ್ಕೆ 800 ತಲೆ-ರಾತ್ರಿ. ಭಾಗಿಸಿದರೆ ತಲೆಗೆ ರಾತ್ರಿಗೆ 250 ರೂಪಾಯಿ. ಬಾಡಿಗೆಯ ಹತ್ತರಲ್ಲಿ ಒಂದು ಪಾಲು. ಲಕ್ಷಗಟ್ಟಲೆ ಬೆಲೆಯ ಲೆನ್ಸ್ ಹೊತ್ತು ಬರುವವರಿಗೆ ಇದು ಜಾಸ್ತಿ ಆಗಲಾರದು, ಅಲ್ವಾ? ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ಬರೆದು ಕೇಳಿದರೆ ಕೊಡುವವರು ಸಿಗುತ್ತಾರೆ ಎಂಬುದು ನನ್ನ ನಂಬಿಕೆ. ಕಷ್ಟದ ಭಾಗ ಕೇಳುವುದರಲ್ಲಿ ಇಲ್ಲ, ಲೆಕ್ಕ ಒಪ್ಪಿಸುವುದರಲ್ಲಿದೆ. ಯಾವ ಮರ, ಎಷ್ಟು ಸುತ್ತಳತೆ, ಕಳೆದ ವರ್ಷ ಎಷ್ಟಿದ್ದವು, ಈ ವರ್ಷ ಎಷ್ಟಿವೆ. ನಾಟಾ ಮಾರುವಾಗ ಮರಕ್ಕೆ ನಂಬರ್ ಹಾಕುವ ಕೆಲಸ ತೋಟದವರಿಗೆ ಚೆನ್ನಾಗಿ ಗೊತ್ತು. ಉಳಿಸುವ ಮರಕ್ಕೂ ಅದೇ ಬಣ್ಣದಲ್ಲಿ ನಂಬರ್ ಹಾಕಿ, ಪಟ್ಟಿಯನ್ನು ಊಟದ ಮನೆಯ ಗೋಡೆಗೆ ಅಂಟಿಸಬಹುದು.